ಸಿಗ್ನಲ್ ಹೋದ ಮೇಲೂ ದಾರಿ ತೋರಿಸಬೇಕು: ಮಲೆನಾಡಿನ ಆಫ್‌ರೋಡಿಗೆ ಯಾವ ಟ್ಯಾಬ್, ಯಾವ ಆ್ಯಪ್?

ಸಕಲೇಶಪುರ ಬಿಟ್ಟು ಬಿಸಿಲೆ ಕಡೆಗೆ ಹೊರಟರೆ ಮೊಬೈಲ್ ಸಿಗ್ನಲಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಟಾರ್ ರಸ್ತೆ ಬಿಟ್ಟು ಕಾಫಿ ತೋಟದ ದಾರಿಗೆ ಇಳಿದರಂತೂ ಹೆಜ್ಜೆಹೆಜ್ಜೆಗೂ ಕವಲು. ಒಂದು ಊರಿಗೆ ಮುಟ್ಟಿಸುತ್ತದೆ, ಒಂದು ತೋಟದ ಕೆಲಸಗಾರರ ಲೈನ್ ಮನೆಗಳ ಅಂಗಳದಲ್ಲಿ ಮುಗಿಯುತ್ತದೆ, ಇನ್ನೊಂದು ಹಳ್ಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆರಿಂಚಿನ ಫೋನಿನಲ್ಲಿ, ಗಾಡಿ ಕುಲುಕುತ್ತಿರುವಾಗ, ಮೂರೂ ಒಂದೇ ಗೆರೆಯ ಹಾಗೆ ಕಾಣುತ್ತವೆ. ಎಂಟಿಂಚಿನ ಟ್ಯಾಬ್ ಬೇಕಾಗುವುದು ಇದಕ್ಕೇ.

ತೀರ್ಮಾನ ಮೊದಲೇ ಹೇಳಿಬಿಡೋಣ. ಎಸಿ ಇರುವ ಮುಚ್ಚಿದ ಗಾಡಿಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಸಾಕು. ಮೇಲ್ಛಾವಣಿ ತೆಗೆದ ಜಿಪ್ಸಿ, ಹಳೆಯ ಜೀಪು, ಮಳೆಗಾಲದ ಓಡಾಟ ಇದ್ದವರಿಗೆ ಟ್ಯಾಬ್ ಆಕ್ಟಿವ್5. ಐಪ್ಯಾಡೇ ಬೇಕೆನ್ನುವವರು ಐಪ್ಯಾಡ್ ಮಿನಿಯ ಸೆಲ್ಯುಲರ್ ಮಾದರಿ ಮಾತ್ರ ನೋಡಿ. ಆ್ಯಪ್‌ಗಳಲ್ಲಿ ಮುಖ್ಯ ಕೆಲಸಕ್ಕೆ ಆಸ್ಮ್ಯಾಂಡ್, ಅದರ ಪಕ್ಕಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್. ಟ್ಯಾಬಿನ ಪ್ರೊಸೆಸರ್, ಕ್ಯಾಮೆರಾ, ಸ್ಪೀಕರ್ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಜಿಪಿಎಸ್ ಚಿಪ್, ಪರದೆಯ ಬೆಳಕು, ಬಿಸಿ ತಡೆಯುವ ಶಕ್ತಿ, ಚಾರ್ಜಿಂಗ್: ದುಡ್ಡು ಹಾಕಬೇಕಾದ್ದು ಈ ನಾಲ್ಕಕ್ಕೆ.

ಮೊದಲಿನದು ಜಿಪಿಎಸ್. ವೈಫೈ ಮಾತ್ರ ಇರುವ ಐಪ್ಯಾಡ್ ಯಾವುದರಲ್ಲೂ ಜಿಪಿಎಸ್ ಚಿಪ್ ಇರುವುದಿಲ್ಲ. ಊರಲ್ಲಿ ಅದು ಸುತ್ತಲಿನ ವೈಫೈ ನೋಡಿಕೊಂಡು ಜಾಗ ಊಹಿಸುವುದರಿಂದ ಇದೆ ಅಂತಲೇ ಅನಿಸುತ್ತದೆ. ಘಾಟಿಯಲ್ಲಿ ನೀಲಿ ಚುಕ್ಕಿ ಎಲ್ಲೋ ಹಿಂದೆಯೇ ಉಳಿದುಬಿಡುತ್ತದೆ. ಸೆಲ್ಯುಲರ್ ಮಾದರಿಯಲ್ಲಿ ಚಿಪ್ ಇದೆ, ಸಿಮ್ ಹಾಕದೆಯೂ ಕೆಲಸ ಮಾಡುತ್ತದೆ. ಆಂಡ್ರಾಯ್ಡಿನಲ್ಲಿ ಹೀಗೆ ಒಂದೇ ನಿಯಮ ಇಲ್ಲ. ಟ್ಯಾಬ್ ಎ9ರ ವೈಫೈ ಮಾದರಿಯಲ್ಲೂ ಜಿಪಿಎಸ್ ಇದೆ. ಆದರೆ ಇದಕ್ಕಿಂತ ದುಬಾರಿಯಾದ, ಚೆಂದದ ಪರದೆಯ ಕೆಲವು ವೈಫೈ ಟ್ಯಾಬ್‌ಗಳಲ್ಲಿ ಇಲ್ಲ. ಡಬ್ಬಿಯ ಮೇಲೆ ‘ಲೊಕೇಶನ್’ ಅಂತ ಬರೆದಿದ್ದರೆ ಸಾಲದು. ಕಂಪನಿಯ ಜಾಲತಾಣದಲ್ಲಿ ಅದೇ ಮಾಡೆಲ್ ನಂಬರಿನ ವಿವರದಲ್ಲಿ ಜಿಪಿಎಸ್, ಗ್ಲೊನಾಸ್, ಗೆಲಿಲಿಯೊ ಎಂಬ ಉಪಗ್ರಹ ಜಾಲಗಳ ಹೆಸರುಗಳು ಇರಲೇಬೇಕು.

ಕೊಂಡ ದಿನವೇ ಪರೀಕ್ಷೆ ಮಾಡಿ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ, ಫ್ಲೈಟ್ ಮೋಡ್ ಆನ್ ಮಾಡಿ, ವೈಫೈ ಆಫ್ ಮಾಡಿ, ಲೊಕೇಶನ್ ಮಾತ್ರ ಆನ್ ಇಟ್ಟು, ಮನೆಯ ಹೊರಗೆ ಬಯಲಲ್ಲಿ ಐದು ನಿಮಿಷ ಇಡಿ. ಉಪಗ್ರಹಗಳ ಪಟ್ಟಿ ತುಂಬಿಕೊಂಡು, ನಿಖರತೆ ಐದಾರು ಮೀಟರಿಗೆ ಇಳಿಯಬೇಕು. ಪಟ್ಟಿ ಖಾಲಿಯೇ ಉಳಿದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಹಿಂತಿರುಗಿಸಿ. ಇದೇ ಆ್ಯಪ್‌ನಲ್ಲಿ ಎಲ್1 ಜೊತೆಗೆ ಎಲ್5 ಸಂಕೇತವೂ ಕಂಡರೆ ನಿಮ್ಮದು ಎರಡು ತರಂಗಾಂತರದ ಚಿಪ್. ಕಣಿವೆಯ ಗೋಡೆಗೆ ಬಡಿದು ತಿರುಗಿ ಬರುವ ಸಂಕೇತಗಳಿಂದ ಅದು ಕಡಿಮೆ ಮೋಸ ಹೋಗುತ್ತದೆ. ಇಲ್ಲದಿದ್ದರೂ ನಡೆಯುತ್ತದೆ. ದಟ್ಟ ಮರಗಳ ಕೆಳಗೆ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುತ್ತದೆ ಎಂಬುದು ತಲೆಯಲ್ಲಿದ್ದರೆ ಸಾಕು.

‘ಮನೇಲಿ ಚೆನ್ನಾಗಿತ್ತು, ಕಾಡಲ್ಲಿ ಹತ್ತು ನಿಮಿಷವಾದರೂ ಜಾಗವೇ ಸಿಗಲಿಲ್ಲ’ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಟ್ಯಾಬ್ ಅಲ್ಲ. ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಇಂಟರ್ನೆಟ್ ಇದ್ದಾಗ ಕ್ಷಣದಲ್ಲಿ ಇಳಿಯುತ್ತದೆ. ಇಲ್ಲದಾಗ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಪ್ರತಿ ಉಪಗ್ರಹಕ್ಕೂ ಸುಮಾರು 30 ಸೆಕೆಂಡ್ ತಡೆಯಿಲ್ಲದೆ ಸಂಕೇತ ಸಿಗಬೇಕು. ಮರದ ಕೆಳಗೆ ನಡುನಡುವೆ ಕಡಿದುಹೋದರೆ ಮತ್ತೆ ಮೊದಲಿನಿಂದ. ಆ ಮಾಹಿತಿ ಕೆಲವು ಗಂಟೆ ಮಾತ್ರ ಬಾಳುತ್ತದೆ. ಹಾಗಾಗಿ ಸಕಲೇಶಪುರದಲ್ಲಿ ತಿಂಡಿಗೆ ನಿಂತಾಗ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಟ್ಯಾಬಿನಲ್ಲಿ ಒಮ್ಮೆ ಜಾಗ ಹಿಡಿಸಿ, ಅಲ್ಲಿಂದ ಲೊಕೇಶನ್ ಆಫ್ ಮಾಡದೆ ಹೊರಡಿ.

ಪರದೆಯ ವಿಷಯ. ಎಂಟರಿಂದ ಒಂಬತ್ತು ಇಂಚು ಸರಿಯಾದ ಅಳತೆ. ಹತ್ತಿಂಚಿನದು ಡ್ಯಾಶ್‌ಬೋರ್ಡಿನ ಮೇಲೆ ನಿಂತರೆ ಎಡಗಡೆಯ ಬಾನೆಟ್ ಅಂಚು ಮರೆಯಾಗುತ್ತದೆ. ಕಿರಿದಾದ ದಾರಿಯಲ್ಲಿ ಚಕ್ರ ಎಲ್ಲಿ ಇಡುತ್ತಿದ್ದೀರಿ ಎಂದು ಕಾಣಬೇಕಾದ್ದೇ ಅಲ್ಲಿ. ಭಾರ ಹೆಚ್ಚಿದಷ್ಟೂ ಮೌಂಟ್ ಕುಣಿಯುತ್ತದೆ ಕೂಡ. 2023ರಲ್ಲಿ ಬಂದ ಟ್ಯಾಬ್ ಎ9 8.7 ಇಂಚಿನದು, 332 ಗ್ರಾಂ, 1340x800 ಪಿಕ್ಸೆಲ್. ವಿಡಿಯೊ ನೋಡುವವರು ಈ ಪರದೆಗೆ ಮೂಗು ಮುರಿಯಬಹುದು, ನಕ್ಷೆಗೆ ಏನೇನೂ ಕೊರತೆಯಿಲ್ಲ. ಮೆಮೊರಿ ಕಾರ್ಡ್ ಹಾಕಬಹುದು ಎಂಬುದು ದೊಡ್ಡ ಅನುಕೂಲ. ಇದರ ದೌರ್ಬಲ್ಯ ಬಿಸಿಲು. ನೇರ ಬಿಸಿಲು ಬಿದ್ದರೆ ನಕ್ಷೆಯ ತೆಳು ಗೆರೆಗಳು ಮಾಸಿಹೋಗುತ್ತವೆ. ಮ್ಯಾಟ್ ಗಾರ್ಡ್ ಅಂಟಿಸಿದರೆ ಪ್ರತಿಫಲನ ತಗ್ಗುತ್ತದೆ, ಬೆಳಕು ಹೆಚ್ಚುವುದಿಲ್ಲ.

2024ರ ಟ್ಯಾಬ್ ಆಕ್ಟಿವ್5 ಎಂಟಿಂಚಿನದು. ನೀರು, ದೂಳು ತಡೆಯಲು ಐಪಿ68, ಕೈಗವಸು ಹಾಕಿಕೊಂಡೇ ಮುಟ್ಟಬಹುದು, ಬ್ಯಾಟರಿ ಬಿಚ್ಚಿ ಬದಲಾಯಿಸಬಹುದು. ಇದರಲ್ಲಿ ಆಫ್‌ರೋಡಿಗೆ ಚಿನ್ನದಂಥ ಸೌಲಭ್ಯ ಒಂದಿದೆ: ಬ್ಯಾಟರಿ ತೆಗೆದಿಟ್ಟು ಬರೀ ಗಾಡಿಯ ಕರೆಂಟಿನಲ್ಲಿ ಓಡಿಸಬಹುದು. ಬಿಸಿಗೆ ಮೊದಲು ಕೈಕೊಡುವ ಭಾಗವೇ ಬ್ಯಾಟರಿ. ಅದೇ ಇಲ್ಲದಿದ್ದರೆ ಅರ್ಧ ತಲೆನೋವು ಹೋಯಿತು. ಆದರೆ ಕೇಬಲ್ ಸಡಿಲವಾದ ಕ್ಷಣ ಟ್ಯಾಬ್ ಆರಿಹೋಗುತ್ತದೆ, ದಾಖಲಾಗುತ್ತಿದ್ದ ಟ್ರ್ಯಾಕ್ (ಬಂದ ದಾರಿಯ ಗೆರೆ) ಅಲ್ಲಿಗೇ ಕಡಿಯುತ್ತದೆ. ಕೇಬಲ್ ಗಟ್ಟಿಯಾಗಿ ಕಟ್ಟಿದ ಮೇಲೆ ಮಾತ್ರ ಇದನ್ನು ಬಳಸಿ. ಮುಖ್ಯವಾಗಿ ಕಂಪನಿಗಳಿಗೆಂದು ಮಾಡಿದ ಮಾಲಾದ್ದರಿಂದ ಬೆಲೆ ಹೆಚ್ಚು, ಬೀದಿಯ ಅಂಗಡಿಯಲ್ಲಿ ಸಿಗುವುದು ಕಷ್ಟ.

ಐಪ್ಯಾಡ್ ಮಿನಿಯ ಪರದೆ ಚೆಂದ. ತೊಂದರೆ ಎರಡು. ಮೆಮೊರಿ ಕಾರ್ಡಿಗೆ ಜಾಗವಿಲ್ಲ. ಮತ್ತು ಆ್ಯಪಲ್ ಸಂಸ್ಥೆಯೇ ಹೇಳುವಂತೆ ಅದು ಕೆಲಸ ಮಾಡಬೇಕಾದ ತಾಪಮಾನ 0ಯಿಂದ 35 ಡಿಗ್ರಿ. ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಗಾಜಿನ ಹಿಂದೆ ಅದನ್ನು ದಾಟುವುದು ಏನೂ ದೊಡ್ಡ ಮಾತಲ್ಲ. ದಾಟಿದರೆ ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ತಣ್ಣಗಾಗುವವರೆಗೆ ಕಾಯಿರಿ ಎಂಬ ಸೂಚನೆ ಬರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳೂ ಬಿಸಿಯಾದಾಗ ಚಾರ್ಜಿಂಗ್ ನಿಲ್ಲಿಸುತ್ತವೆ, ಬೆಳಕು ತಗ್ಗಿಸುತ್ತವೆ. ಬಿಸಿಗೆ ಮೂರು ಮೂಲ: ಬಿಸಿಲು, ಪೂರ್ತಿ ಬೆಳಕಿನ ಪರದೆ, ಚಾರ್ಜಿಂಗ್. ಮೊದಲೆರಡನ್ನು ತಪ್ಪಿಸಲಾಗದು, ಮೂರನೆಯದನ್ನು ಹದ ಮಾಡಬಹುದು. ಸ್ಯಾಮ್‌ಸಂಗ್‌ನಲ್ಲಿ ‘ಪ್ರೊಟೆಕ್ಟ್ ಬ್ಯಾಟರಿ’ ಆನ್ ಮಾಡಿದರೆ ಪೂರ್ತಿ ತುಂಬುವ ಮೊದಲೇ ಚಾರ್ಜಿಂಗ್ ನಿಲ್ಲುತ್ತದೆ. ದಪ್ಪ ರಬ್ಬರ್ ಕವಚ ಬೇಡ. ಎಸಿ ಗಾಳಿ ಟ್ಯಾಬಿನ ಬೆನ್ನಿಗೆ ಬೀಳುವಂತೆ ಗಾಜಿನಿಂದ ಕೆಳಗೆ ಇಳಿಸಿ ಕೂರಿಸಿ.

ಚಾರ್ಜಿಂಗ್‌ನಲ್ಲಿ ಎಲ್ಲರೂ ಎಡವುತ್ತಾರೆ. ಗಾಡಿಯೊಳಗಿನ ಹಳೆಯ ಯುಎಸ್‌ಬಿ ಪೋರ್ಟ್ 5 ವೋಲ್ಟಿನಲ್ಲಿ ಅರ್ಧ ಅಥವಾ ಒಂದು ಆಂಪಿಯರ್ ಕೊಡುತ್ತದೆ, ಅಂದರೆ ಎರಡೂವರೆಯಿಂದ 5 ವಾಟ್. ಬೆಳಕು ಪೂರ್ತಿ ಇಟ್ಟು, ಜಿಪಿಎಸ್ ಓಡಿಸುತ್ತಿರುವ ಟ್ಯಾಬ್ ಅದಕ್ಕಿಂತ ಹೆಚ್ಚು ತಿನ್ನಬಲ್ಲದು. ಚಾರ್ಜಿಂಗ್ ಗುರುತು ತೋರಿಸುತ್ತಲೇ ಬ್ಯಾಟರಿ ಇಳಿಯುತ್ತಾ ಹೋಗುವುದು ಇದಕ್ಕೇ. 12 ವೋಲ್ಟ್ ಸಾಕೆಟ್ಟಿಗೆ 18 ವಾಟ್ ಅಥವಾ ಹೆಚ್ಚಿನ ಪಿಡಿ (ಪವರ್ ಡೆಲಿವರಿ, ಅಂದರೆ ವೇಗದ) ಚಾರ್ಜರ್ ಹಾಕಿ. ಸಾಕೆಟ್ ಚಾರ್ಜರ್ ಗುಂಡಿಯಲ್ಲಿ ಹಾರಿ ಹೊರಬರುತ್ತದೆ. ಪದೇಪದೇ ಹೋಗುವವರು 12ರಿಂದ 5 ವೋಲ್ಟಿಗೆ ಇಳಿಸುವ ಕನ್ವರ್ಟರನ್ನು ಒಳಗೇ ಜೋಡಿಸಿಕೊಳ್ಳುವುದು ಲೇಸು. ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ಲೈನಿನಿಂದ ತೆಗೆಯಿರಿ, 3 ಆಂಪಿಯರ್ ಫ್ಯೂಸನ್ನು ಫ್ಯೂಸ್ ಬಾಕ್ಸಿನ ಹತ್ತಿರವೇ ಹಾಕಿ. ಫ್ಯೂಸ್ ಟ್ಯಾಬಿನ ಹತ್ತಿರ ಇದ್ದರೆ ನಡುವಿನ ವೈರ್ ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರಿಲ್ಲ. ಕೇಬಲ್ ತುದಿ ಎಲ್ ಆಕಾರದ್ದಾಗಿರಲಿ, ಟ್ಯಾಬಿನಿಂದ ಒಂದು ಗೇಣು ದೂರದಲ್ಲಿ ಮೌಂಟಿನ ತೋಳಿಗೆ ಕಟ್ಟಿ. ಇಲ್ಲದಿದ್ದರೆ ಕುಲುಕಾಟಕ್ಕೆ ಟ್ಯಾಬಿನ ಪೋರ್ಟೇ ಸಡಿಲವಾಗುತ್ತದೆ. ಇನ್ನೊಂದು ವಿಷಯ, ಮಳೆಯಲ್ಲಿ ಪೋರ್ಟಿಗೆ ನೀರು ಹೋದರೆ ಟ್ಯಾಬ್ ನೀರಿನಲ್ಲಿ ಮುಳುಗೆದ್ದರೂ ಕೆಡದ ಐಪಿ68 ಆಗಿದ್ದರೂ ಪೋರ್ಟ್ ಒಣಗುವ ತನಕ ಚಾರ್ಜ್ ಆಗುವುದಿಲ್ಲ. ಆಕ್ಟಿವ್5ರಲ್ಲಿ ಪಕ್ಕದ ಪೋಗೊ ಪಿನ್ನುಗಳಿಂದಲೂ (ಹೊರಗೇ ಕಾಣುವ ಲೋಹದ ಚುಕ್ಕಿಗಳು) ಚಾರ್ಜ್ ಮಾಡಬಹುದು.

ಮೌಂಟ್ ಬಗ್ಗೆ ಹೆಚ್ಚು ಮಾತಿಲ್ಲ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಬಿಸಿಗೆ, ದೂಳಿಗೆ ಬಿಟ್ಟುಕೊಳ್ಳುತ್ತದೆ. ಸ್ಕ್ರೂ ಅಥವಾ ಕ್ಲ್ಯಾಂಪ್‌ನಿಂದ ಕೂರುವ, ಚೆಂಡಿನ ಕೀಲಿರುವ ಮೌಂಟ್ ತೆಗೆದುಕೊಳ್ಳಿ. ರ‍್ಯಾಮ್ ಕಂಪನಿಯದಾದರೆ ಎಂಟಿಂಚಿಗೆ ಒಂದಿಂಚಿನ ಬಿ ಅಳತೆಯ ಚೆಂಡು ಸಾಕು, ಹತ್ತಿಂಚಿಗೆ ಒಂದೂವರೆ ಇಂಚಿನ ಸಿ. ತೋಳು ಚಿಕ್ಕದಾದಷ್ಟೂ ಕುಣಿತ ಕಡಿಮೆ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಥವಾ ಅದು ಉಬ್ಬುವ ದಾರಿಯಲ್ಲಿ ಎಂದೂ ಬೇಡ.

ಈಗ ಆ್ಯಪ್. ಆಸ್ಮ್ಯಾಂಡ್ ಬಳಸುವುದು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ. ಕರ್ನಾಟಕದ್ದು ಬೇರೆಯೇ ಕಡತವಾಗಿ ಸಿಗುತ್ತದೆ, ತಿಂಗಳಿಗೊಮ್ಮೆ ಹೊಸದಾಗುತ್ತದೆ. ಕೊಡಗಿನ ಅಂಚಿಗೆ ಹೋಗುವವರು ಕೇರಳದ್ದನ್ನೂ ಇಳಿಸಿಕೊಳ್ಳಿ. ಪ್ಲೇ ಸ್ಟೋರಿನ ಉಚಿತ ಆವೃತ್ತಿಯಲ್ಲಿ ಎಷ್ಟು ನಕ್ಷೆ ಇಳಿಸಬಹುದೆಂಬುದಕ್ಕೆ ಮಿತಿಯಿದೆ. ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪ್ ಅಂಗಡಿಯಲ್ಲಿ ಸಿಗುವ ಆವೃತ್ತಿಗೆ ಆ ಮಿತಿ ಇಲ್ಲ. ಎತ್ತರದ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆ) ಕಡತ, ಬೆಟ್ಟದ ನೆರಳಿನ ಕಡತ ಬೇರೆಬೇರೆ, ಅವನ್ನೂ ತೆಗೆದುಕೊಳ್ಳಿ. ನಕ್ಷೆಯ ಭಾಷೆ ಕನ್ನಡ ಮಾಡಿದರೆ, ಕನ್ನಡದಲ್ಲಿ ದಾಖಲಾದ ಊರುಗಳು ಕನ್ನಡದಲ್ಲೇ ಕಾಣುತ್ತವೆ. ದಾರಿಯಲ್ಲಿ ಸಿಕ್ಕವರನ್ನು ಕೇಳುವಾಗ ಇಂಗ್ಲಿಷ್ ಅಕ್ಷರಗಳನ್ನು ಕಷ್ಟಪಟ್ಟು ಓದಿ ಊರಿನ ಹೆಸರು ಕೆಡಿಸುವುದು ತಪ್ಪುತ್ತದೆ.

ಹಾಕಿದ ಹಾಗೇ ಬಿಟ್ಟರೆ ಆಸ್ಮ್ಯಾಂಡ್ ಊರಿನ ಕಾರಿಗೆ ತಕ್ಕಂತೆ ವರ್ತಿಸುತ್ತದೆ. ಆಫ್‌ರೋಡಿಗೆಂದೇ ಒಂದು ಪ್ರೊಫೈಲ್ ಮಾಡಿಕೊಳ್ಳಿ. ನಕ್ಷೆಯ ಶೈಲಿಯಲ್ಲಿ ‘ಆಫ್‌ರೋಡ್’ ಅಥವಾ ‘ಟೋಪೊ’ ಆರಿಸಿ, ವಿವರಗಳಲ್ಲಿ ರಸ್ತೆಯ ಮೇಲ್ಮೈ ತೋರಿಸುವುದನ್ನು ಆನ್ ಮಾಡಿ. ದಾರಿಯ ಆಯ್ಕೆಯಲ್ಲಿ ಮಣ್ಣು ರಸ್ತೆ ತಪ್ಪಿಸು ಎಂಬುದು ಆಫ್ ಇರಲಿ. ತಾನಾಗಿ ಜೂಮ್ ಆಗುವುದನ್ನೂ ಆಫ್ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ ‘ಸ್ನ್ಯಾಪ್ ಟು ರೋಡ್’ ಆಫ್ ಆಗಿರಲೇಬೇಕು. ಯಾಕೆಂದರೆ, ಒಂದು ಕವಲಿನಲ್ಲಿ ಎರಡು ದಾರಿ ಹದಿನೈದು ಮೀಟರ್ ಅಂತರದಲ್ಲಿ ಒಟ್ಟೊಟ್ಟಿಗೆ ಸಾಗುತ್ತವೆ ಅಂದುಕೊಳ್ಳಿ. ಮೇಲಿನದು ನಕ್ಷೆಯಲ್ಲಿದೆ, ಕೆಳಗಿನದು ಇಲ್ಲ. ನೀವು ಇರುವುದು ಕೆಳಗಿನದರಲ್ಲಿ. ಸ್ನ್ಯಾಪ್ ಆನ್ ಇದ್ದರೆ ಬಾಣದ ಗುರುತು ಮೇಲಿನ ಗೆರೆಗೇ ಅಂಟಿಕೊಂಡು ‘ಸರಿಯಾಗೇ ಹೋಗುತ್ತಿದ್ದೀರಿ’ ಎನ್ನುತ್ತಿರುತ್ತದೆ. ಎರಡು ದಾರಿ ಬೇರೆಯಾಗಿ ನೂರಿನ್ನೂರು ಮೀಟರ್ ಹೋದ ಮೇಲೆ ಬಾಣ ಒಮ್ಮೆಲೇ ಹಾರಿ ಗೆರೆಯಿಲ್ಲದ ಹಸಿರಲ್ಲಿ ಬಂದು ಕೂರುತ್ತದೆ. ಅಷ್ಟರಲ್ಲಿ ಇಳಿಜಾರು, ಕೆಸರು, ತಿರುಗಿಸಲು ಜಾಗವಿಲ್ಲ. ಸ್ನ್ಯಾಪ್ ಆಫ್ ಇದ್ದರೆ ಮೊದಲ ಐವತ್ತು ಮೀಟರಿನಲ್ಲೇ ಬಾಣ ಗೆರೆಯಿಂದ ಬೇರೆಯಾಗಿ ಸಾಗುವುದು ಕಣ್ಣಿಗೆ ಬೀಳುತ್ತದೆ.

ಬೇರೆಯವರು ಕೊಟ್ಟ ಜಿಪಿಎಕ್ಸ್ ಕಡತ (ಅವರು ಹೋದ ದಾರಿಯ ದಾಖಲೆ) ಹಿಡಿದು ಹೋಗುವಾಗಲೂ ಇದೇ ಎಚ್ಚರ. ಅದನ್ನು ರಸ್ತೆಗೆ ಜೋಡಿಸುವ ಆಯ್ಕೆಯಿದೆ. ಜೋಡಿಸಿದರೆ ‘ಎಡಕ್ಕೆ ತಿರುಗಿ’ ಎಂಬ ಸೂಚನೆ ಸಿಗುತ್ತದೆ ನಿಜ, ಆದರೆ ಆ ದಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ಹತ್ತಿರದ ಬೇರೆ ರಸ್ತೆಗೆ ಎಳೆದುಬಿಡುತ್ತದೆ. ಮಣ್ಣು ದಾರಿಯಲ್ಲಿ ಸೂಚನೆ ಬೇಡ. ದಪ್ಪ ಬಣ್ಣದ ಗೆರೆಯಾಗಿ ಟ್ರ್ಯಾಕ್ ಕಾಣುತ್ತಿದ್ದರೆ ಸಾಕು, ಪಕ್ಕದಲ್ಲಿ ಕೂತವರು ನೋಡಿ ಹೇಳುತ್ತಾರೆ.

ನಿಮ್ಮ ಟ್ರ್ಯಾಕನ್ನೂ ದಾಖಲಿಸಿ. ದಾರಿ ಮುಚ್ಚಿದ್ದರೆ ಬಂದ ಗೆರೆಯ ಮೇಲೇ ಹಿಂತಿರುಗಬಹುದು. 3 ಸೆಕೆಂಡಿಗೊಂದು ಬಿಂದು ಇಟ್ಟರೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹನ್ನೆರಡು ಮೀಟರಿಗೊಂದು ಬೀಳುತ್ತದೆ, ಹೇರ್‌ಪಿನ್ ತಿರುವಿಗೂ ಸಾಕು. ಕನಿಷ್ಠ ಚಲನೆ 5 ಮೀಟರ್ ಎಂದು ಕೊಡಿ. ಇಲ್ಲದಿದ್ದರೆ ಊಟಕ್ಕೆ ನಿಂತ ಜಾಗದಲ್ಲಿ ಗೆರೆಗಳು ಸಿಕ್ಕುಸಿಕ್ಕಾಗುತ್ತವೆ. ನಿಖರತೆ 30 ಮೀಟರಿಗಿಂತ ಕೆಟ್ಟದಾಗಿದ್ದರೆ ದಾಖಲಿಸಬೇಡ ಎಂದೂ ಹೇಳಬಹುದು. ಇಡೀ ದಿನದ ಟ್ರ್ಯಾಕ್ ಒಂದೆರಡು ಎಂಬಿ ಮೀರುವುದಿಲ್ಲ. ಟ್ರ್ಯಾಕ್ ನಡುವೆ ಸತ್ತುಹೋದರೆ ಕಾರಣ ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯ: ಪರದೆ ಆರಿದೊಡನೆ ಆ್ಯಪನ್ನು ಮಲಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಸ್ಮ್ಯಾಂಡ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಸ್ಯಾಮ್‌ಸಂಗ್‌ನಲ್ಲಿ ಮಲಗುವ ಆ್ಯಪ್‌ಗಳ ಪಟ್ಟಿಯಿಂದಲೂ ಅದನ್ನು ತೆಗೆಯಿರಿ. ಜೊತೆಗೆ, ಈಗಿನ ಆಂಡ್ರಾಯ್ಡಿನಲ್ಲಿ ಆ್ಯಪ್ ತೆಗೆದುಹಾಕಿದರೆ ಅದರ ಫೋಲ್ಡರಿನಲ್ಲಿದ್ದ ನಕ್ಷೆ, ಟ್ರ್ಯಾಕ್ ಎಲ್ಲ ಅಳಿಸಿಹೋಗುತ್ತವೆ, ಮೆಮೊರಿ ಕಾರ್ಡಿನಲ್ಲಿದ್ದರೂ ಅಷ್ಟೇ. ಮೊದಲೇ ರಫ್ತು ಮಾಡಿಟ್ಟುಕೊಳ್ಳಿ.

ಆರ್ಗ್ಯಾನಿಕ್ ಮ್ಯಾಪ್ಸ್ ಬಳಸುವುದೂ ಅದೇ ನಕ್ಷೆಯನ್ನೇ. ಉಚಿತ, ಜಾಹೀರಾತಿಲ್ಲ, ಹಗುರ. ಊರು ಹುಡುಕುವುದಕ್ಕೆ, ಟಾರ್ ರಸ್ತೆಯ ದಾರಿಗೆ ಆಸ್ಮ್ಯಾಂಡ್‌ಗಿಂತ ಎಷ್ಟೋ ಚುರುಕು. ಸೆಟ್ಟಿಂಗ್ ಕಡಿಮೆ ಇರುವುದರಿಂದ ಕಾಡುದಾರಿಗೆ ಒಂದೇ ಆ್ಯಪ್ ಆಗಿ ಸಾಲದು. ಟ್ಯಾಬಿನಲ್ಲೂ ಜೊತೆಯವರ ಫೋನಿನಲ್ಲೂ ಹಾಕಿಸಿಡಿ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಸಕಲೇಶಪುರ ಮುಟ್ಟುವವರೆಗೆ ಒಳ್ಳೆಯದು. ಎತ್ತರದ ಗೆರೆ ಇಲ್ಲ, ಜಿಪಿಎಕ್ಸ್ ತೆರೆಯುವುದಿಲ್ಲ. ವಿದೇಶಿ ವಿಡಿಯೊಗಳಲ್ಲಿ ಹೊಗಳುವ ಆನ್‌ಎಕ್ಸ್ ಆಫ್‌ರೋಡ್ ಅಮೆರಿಕದ ದಾರಿಗಳಿಗಾಗಿ ಮಾಡಿದ್ದು, ಇಲ್ಲಿ ಪ್ರಯೋಜನವಿಲ್ಲ. ಅದೇ ವಿಡಿಯೊಗಳನ್ನು ನೋಡಿ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ತರಿಸಿಕೊಳ್ಳಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಬೆಟ್ಟ-ಹಳ್ಳಗಳ ಹೆಸರು ಬೇಕೆನ್ನುವವರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಿಂತ ಉತ್ತಮವಾದದ್ದಿಲ್ಲ. ಒಂದು ಹಾಳೆ ಸುಮಾರು 27 ಕಿ.ಮೀ. ಉದ್ದ, ಅಷ್ಟೇ ಅಗಲದ ನೆಲ ತೋರಿಸುತ್ತದೆ. ಸಕಲೇಶಪುರ ಹಳೆಯ ಸಂಖ್ಯೆಯ ಲೆಕ್ಕದಲ್ಲಿ 48 ಪಿ/13ರಲ್ಲಿ ಬರುತ್ತದೆ. ಪಿಡಿಎಫ್ ಹಾಳೆಯನ್ನು ಕಂಪ್ಯೂಟರಿನ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಾಲ್ಕು ಮೂಲೆಯ ಅಕ್ಷಾಂಶ-ರೇಖಾಂಶ ಕೊಟ್ಟು ಕೂರಿಸಿ, ಎಂಬಿಟೈಲ್ಸ್ ಕಡತವಾಗಿ ತೆಗೆದು, ಲೋಕಸ್ ಮ್ಯಾಪ್ ಆ್ಯಪ್‌ನಲ್ಲಿ ತೆರೆಯಬಹುದು. ಸಾರ್ವಜನಿಕರಿಗೆಂದು ಬಿಟ್ಟ ಹೊಸ ಓಪನ್ ಸೀರೀಸ್ ಹಾಳೆಯಾದರೆ ಜಿಪಿಎಸ್‌ನ ಡಬ್ಲ್ಯುಜಿಎಸ್84 ಲೆಕ್ಕಕ್ಕೇ ಹೊಂದುತ್ತದೆ. ಹಳೆಯ ಹಾಳೆಗಳು ಎವರೆಸ್ಟ್ ಲೆಕ್ಕದವು. ಅದನ್ನು ಆರಿಸದೆ ಕೂರಿಸಿದರೆ ನಿಮ್ಮ ಜಾಗ ನೂರಾರು ಮೀಟರ್ ಸರಿದು ಕಾಣುತ್ತದೆ. ರಸ್ತೆಗಳು ಹಳೆಯವಿರಬಹುದು, ಹಳ್ಳಗಳು ಜಾಗ ಬಿಟ್ಟು ಹೋಗುವುದಿಲ್ಲ. 20 ಮೀಟರ್ ಅಂತರದ ಎತ್ತರದ ಗೆರೆಗಳಲ್ಲಿ ಎರಡು ಗೆರೆಗಳ ನಡುವೆ ನೆಲದ ಮೇಲೆ ನೂರು ಮೀಟರ್ ಇದ್ದರೆ ಏರು ಶೇ. 20. ದಾರಿ ಗೆರೆಗಳನ್ನು ನೇರ ಕಡಿದು ಹೋಗುತ್ತಿದ್ದರೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಬೇಕಾದ ಏರು ಅದು, ಒದ್ದೆಯಲ್ಲಿ ಹೋಗದಿರುವುದೇ ವಾಸಿ.

ಓಪನ್‌ಸ್ಟ್ರೀಟ್‌ಮ್ಯಾಪನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ಕಾಫಿ ಗಿಡ ಬೆಳೆಯುವುದೇ ಮರದ ನೆರಳಲ್ಲಿ, ಹಾಗಾಗಿ ಉಪಗ್ರಹದ ಚಿತ್ರದಲ್ಲಿ ತೋಟದ ಎಷ್ಟೋ ದಾರಿಗಳು ಸರಿಯಾಗಿ ಕಾಣುವುದಿಲ್ಲ. ಚಿತ್ರ ನೋಡಿ ಗೆರೆ ಎಳೆದವರು ಕಂಡಷ್ಟನ್ನು ಎಳೆದಿದ್ದಾರೆ. ಕಾಲುದಾರಿ ನಕ್ಷೆಯಲ್ಲಿ ಜೀಪು ದಾರಿಯಾಗಿರುತ್ತದೆ, ಬೀಗ ಹಾಕಿದ ಗೇಟು ಅದರಲ್ಲಿರುವುದಿಲ್ಲ. ಕವಲುಗಳನ್ನು ಹಿಂದಿನ ದಿನ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ. ಚಿತ್ರವನ್ನು ಟ್ಯಾಬಿಗೇ ಇಳಿಸುವುದಾದರೆ, ಪೂರೈಕೆದಾರರ ನಿಯಮ ಒಪ್ಪುವ ಕಡೆಯಿಂದ ಮಾತ್ರ, ಅದೂ ಬೇಕಾದಷ್ಟೇ ಇಳಿಸಿ. 30 ಕಿ.ಮೀ. ಚೌಕಕ್ಕೆ ಜೂಮ್ 16ರಲ್ಲಿ ಸುಮಾರು 2,500 ಚಿತ್ರದ ತುಣುಕು, 17ರಲ್ಲಿ 10,000, 18ರಲ್ಲಿ 40,000. ಒಂದೊಂದು ಹಂತಕ್ಕೂ ನಾಲ್ಕು ಪಟ್ಟು. ದಾರಿಯ ಅಕ್ಕಪಕ್ಕ ಮಾತ್ರ 17ರವರೆಗೆ ಇಳಿಸಿಕೊಂಡರೆ ಧಾರಾಳವಾಯಿತು.

ನಕ್ಷೆಯಲ್ಲಿ ಗೆರೆ ಇದೆ ಎಂದಮಾತ್ರಕ್ಕೆ ಹೋಗಲು ಅಪ್ಪಣೆ ಇದೆ ಎಂದಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸಿದರೆ ಕೇಸು ಬೀಳುತ್ತದೆ. ತೋಟದ ದಾರಿಯಾದರೆ ಮಾಲೀಕರನ್ನೋ ತೋಟ ನೋಡಿಕೊಳ್ಳುವ ರೈಟರನ್ನೋ ಕೇಳಿಯೇ ಗೇಟು ದಾಟಿ, ದಾಟಿದ ಮೇಲೆ ಗೇಟು ಹಾಕಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ದಾರಿ ಲೆಕ್ಕ ಹಾಕುವಾಗ ಆ್ಯಪ್ ಅದನ್ನು ಗಮನಿಸುತ್ತದೆಂದು ನೆಚ್ಚಬೇಡಿ.

ಹೊರಡುವ ಹಿಂದಿನ ಸಂಜೆ ಟ್ಯಾಬನ್ನು ಫ್ಲೈಟ್ ಮೋಡಿಗೆ ಹಾಕಿ ಎಲ್ಲವನ್ನೂ ಒಮ್ಮೆ ಮಾಡಿ ನೋಡಿ: ಊರು ಹುಡುಕಿ, ದಾರಿ ಕೇಳಿ, ಜಿಪಿಎಕ್ಸ್ ತೆರೆಯಿರಿ, ಎತ್ತರದ ಗೆರೆ ಬರುತ್ತದಾ ನೋಡಿ, ಪರದೆ ಆರಿಸಿ ಅರ್ಧ ಗಂಟೆ ಸುತ್ತಾಡಿ ಬಂದು ಟ್ರ್ಯಾಕ್ ಪೂರ್ತಿ ದಾಖಲಾಗಿದೆಯಾ ಪರೀಕ್ಷಿಸಿ. ಅದೇ ಜಿಪಿಎಕ್ಸ್ ಜೊತೆಯವರ ಎರಡು ಫೋನಿನಲ್ಲೂ ಇರಲಿ. ಬಂದ ಮೇಲೆ ದಾರಿಯಲ್ಲಿ ಕಂಡ ಹೊಸ ಗೇಟು, ಕೊಚ್ಚಿಹೋದ ಮೋರಿ, ಜೀಪು ಹೋಗದ ಕಾಲುದಾರಿ ಇವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದಿ. ಖಾತೆ ತೆರೆಯುವುದು ಉಚಿತ, ಆಸ್ಮ್ಯಾಂಡ್ ಒಳಗಿನಿಂದಲೇ ಟಿಪ್ಪಣಿ ಕಳಿಸಬಹುದು. ನಕ್ಷೆಯಲ್ಲಿ ತಿದ್ದಿದ್ದು ಮುಂದಿನ ತಿಂಗಳ ಕರ್ನಾಟಕದ ಕಡತದಲ್ಲಿ ಎಲ್ಲರ ಟ್ಯಾಬಿಗೂ ಬರುತ್ತದೆ.